ಒಂದು ತುಂಡು ಗೆಡ್ಡೆ: ಹೆಲಿಕೋನಿಯಾ ಬೆಳೆಯುವವರ ಜೊತೆ ಮಾತು

ಮೇಜಿನ ಮೇಲಿರುವ ಈ ಗೆಡ್ಡೆಯಿಂದಲೇ ಶುರುಮಾಡುತ್ತೇನೆ. ಇದು ಹೆಲಿಕೋನಿಯಾ ರೋಸ್ಟ್ರೇಟಾದ ಗೆಡ್ಡೆ. ಹೆಲಿಕೋನಿಯಾ ಎಂದರೆ ಬಾಳೆಯ ನೆಂಟನಾದ, ಬಣ್ಣದ ಹೂಗೊಂಚಲಿಗಾಗಿ ಬೆಳೆಸುವ ಗಿಡ; ರೋಸ್ಟ್ರೇಟಾ ಅದರ ಒಂದು ಜಾತಿ. ಗೇಣುದ್ದ ಇದೆ, ಶುಂಠಿಗಿಂತ ಒರಟು, ಬಾಳೆಯ ಗೆಡ್ಡೆಗಿಂತ ಸಣ್ಣದು. ಈ ತುದಿಯಲ್ಲಿ ಕಡಿದ ದಿಂಡಿನ ಮೋಟು, ಅದರ ಬುಡದಲ್ಲಿ ಎರಡು ಚೂಪು ಮೊಳಕೆ. ಹಿಂದಿನ ತುದಿಯಲ್ಲಿ ಕಪ್ಪಾಗಿ ಟೊಳ್ಳುಬಿದ್ದ ಭಾಗ ಕಾಣುತ್ತದಲ್ಲ, ಅದು ಈ ಗಿಡದ ಹೋದ ವರ್ಷಗಳು. ಗೆಡ್ಡೆ ಮುಂದಕ್ಕೆ ಬೆಳೆಯುತ್ತ, ಹಿಂದೆ ಸಾಯುತ್ತ, ನೆಲದೊಳಗೆ ನಿಧಾನವಾಗಿ ನಡೆಯುತ್ತದೆ. ಬೆಳೆಗಾರರಿಗೆ ಹೆಲಿಕೋನಿಯಾ ಸುಲಭದ ಬೆಳೆಯಾಗಿರುವುದು ಈ ಗೆಡ್ಡೆಯಿಂದ. ಹೆಲಿಕೋನಿಯಾದ ವಿಷಯದಲ್ಲಿ ನಾವು ಮೋಸಹೋಗುವುದೂ ಇದರಿಂದಲೇ. ಎರಡನ್ನೂ ಹೇಳುತ್ತೇನೆ.

ಬಾಳೆ, ಶುಂಠಿ, ಅರಿಸಿನ, ಏಲಕ್ಕಿ, ಕಾಬಾಳೆ ಇವೆಲ್ಲ ಒಂದೇ ಗಣದ ಗಿಡಗಳು. ಸಸ್ಯಶಾಸ್ತ್ರಜ್ಞರು ಆ ಗಣವನ್ನು ಜಿಂಜಿಬರೇಲಿಸ್ ಎನ್ನುತ್ತಾರೆ. ಅದರಲ್ಲಿ ಎಂಟು ಕುಟುಂಬಗಳಿವೆ. ಹೆಲಿಕೋನಿಯಾಗೆ ಅದರದೇ ಒಂದು ಕುಟುಂಬ, ಆ ಕುಟುಂಬದಲ್ಲಿ ಈ ಒಂದೇ ಕುಲ. ಸಸ್ಯಗಳಿಗೆ ಹೆಸರಿಡುವ ಪದ್ಧತಿ ರೂಪಿಸಿದ ಲಿನೇಯಸ್ 1753ರಲ್ಲಿ ಇದನ್ನು ಬಾಳೆಯ ಜೊತೆಗೇ ಸೇರಿಸಿ ಮ್ಯೂಸಾ ಬಿಹಾಯ್ ಎಂದು ಬರೆದ. 1771ರಲ್ಲಿ ಬೇರೆ ಮಾಡಿ ಹೆಲಿಕೋನಿಯಾ ಎಂದು ಹೆಸರಿಟ್ಟ. ಗ್ರೀಕರ ಮ್ಯೂಸ್ ದೇವತೆಯರ ನೆಲೆ ಹೆಲಿಕಾನ್ ಬೆಟ್ಟ. ಬಾಳೆಯ ಹೆಸರು ಮ್ಯೂಸಾ, ಅದರ ಪಕ್ಕದ ನೆಂಟನಿಗೆ ಹೆಲಿಕೋನಿಯಾ. ಈಗ ಸುಮಾರು 200 ಪ್ರಭೇದಗಳನ್ನು ಗುರುತಿಸಿದ್ದಾರೆ. ಹೆಚ್ಚುಕಡಿಮೆ ಎಲ್ಲವೂ ಮೆಕ್ಸಿಕೊದಿಂದ ಬ್ರೆಜಿಲ್‌ನ ದಕ್ಷಿಣದವರೆಗೆ, ಕೆರಿಬಿಯನ್ ದ್ವೀಪಗಳನ್ನೂ ಸೇರಿಸಿಕೊಂಡು, ಅಮೆರಿಕದ ಉಷ್ಣವಲಯದವು. ಬೆರಳೆಣಿಕೆಯ ಕೆಲವು ಮಾತ್ರ ಪೆಸಿಫಿಕ್ ದ್ವೀಪಗಳಲ್ಲಿ, ಸಮೋವಾದಿಂದ ಇಂಡೊನೇಷ್ಯಾದ ಕಡೆಗೆ ಹರಡಿವೆ. ನಮ್ಮ ನೆಲದ್ದು ಒಂದೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಈ ಗಣದಿಂದ ಕಲ್ಲುಬಾಳೆ ಇದೆ, ಕಾಡು ಅರಿಸಿನಗಳಿವೆ, ಸುಗಂಧಿಯ ಬಂಧುಗಳಿವೆ, ಹೆಲಿಕೋನಿಯಾ ಇಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಗಿಡದ ನಿಲುವು ಮೂರು ಬಗೆ. ಬಾಳೆಯಂತೆ ಉದ್ದ ತೊಟ್ಟಿನ ಎಲೆ ಎತ್ತಿ ನಿಲ್ಲುವವು ಒಂದು. ರೋಸ್ಟ್ರೇಟಾ, ಬಿಹಾಯ್, ಕೆರಿಬಿಯಾ ಈ ಸಾಲಿನವು. ಕಾಬಾಳೆಯಂತೆ ಗಿಡ್ಡ ತೊಟ್ಟಿನ ಎಲೆ ಓರೆಯಾಗಿ ಹಿಡಿಯುವವು ಇನ್ನೊಂದು; ಸಿಟ್ಟಾಕೋರಂ ಹಾಗೆ. ಶುಂಠಿಯಂತೆ ತೊಟ್ಟೇ ಇಲ್ಲದೆ ಎಲೆ ಅಡ್ಡ ಹರಡುವವು ಮೂರನೆಯದು. ಯಾವ ನಿಲುವಾದರೂ ಕಾಂಡದಂತೆ ಕಾಣುವುದು ಎಲೆಬುಡಗಳು ಒಂದರೊಳಗೊಂದು ಸುತ್ತಿಕೊಂಡ ದಿಂಡು, ಬಾಳೆಯ ಹಾಗೆಯೇ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಹೂ ಬರುವಾಗ ಅಲ್ಲಿಂದಲೇ ಒಂದು ದಂಟು ದಿಂಡಿನ ನಡುವೆ ಮೇಲೇರಿ ತುದಿಯಲ್ಲಿ ಹೊರಬೀಳುತ್ತದೆ. ಹಾಗಾಗಿ ಒಂದು ದಿಂಡಿಗೆ ಒಂದೇ ಸಲ ಹೂ. ಬಾಳೆಗೊನೆ ಕಡಿದ ಮೇಲೆ ಆ ಬಾಳೆಯಿಂದ ಇನ್ನೊಂದು ಗೊನೆ ಬರುತ್ತದೆಯೇ? ಇದೂ ಹಾಗೆಯೇ. ನೆಡುವ ಅಂತರ, ಗೊಬ್ಬರ, ಕೊಯ್ಲು ಎಲ್ಲವನ್ನೂ ಈ ಒಂದು ಗುಣ ನಿರ್ಧರಿಸುತ್ತದೆ.

ಈಗ ಹೂ ನೋಡೋಣ. ಇದು ಬಿಹಾಯ್, ನೆಟ್ಟಗೆ ನಿಲ್ಲುವ ಜಾತಿ. ಕೆಂಪಗೆ ದೋಣಿಯಂತಿರುವ ಇವನ್ನು ಪಠ್ಯಪುಸ್ತಕ ಸಹಪತ್ರ ಎನ್ನುತ್ತದೆ. ನಾನು ದೋಣಿ ಎಂದೇ ಕರೆಯುತ್ತೇನೆ. ಮಾರುಕಟ್ಟೆಯಲ್ಲಿ ಹೂವೆಂದು ಮಾರಾಟವಾಗುವುದು ಈ ದೋಣಿಗಳ ಸಾಲು. ಒಂದನ್ನು ಕೆಳಕ್ಕೆ ಬಾಗಿಸುತ್ತೇನೆ. ನೀರು ಚೆಲ್ಲಿತು, ನೋಡಿದಿರಾ? ಮಳೆನೀರು ಸ್ವಲ್ಪ, ಗಿಡ ತಾನೇ ಒಸರಿದ್ದು ಸ್ವಲ್ಪ. ಒಳಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕೂತಿರುವ ಹಸಿರು–ಬಿಳಿ ಕೊಳವೆಗಳೇ ನಿಜವಾದ ಹೂಗಳು. ಒಂದನ್ನು ಕಿತ್ತು ತೋರಿಸುತ್ತೇನೆ. ಆರು ದಳಭಾಗಗಳಲ್ಲಿ ಐದು ಕೂಡಿಕೊಂಡು ಬಾಗಿದ ಕೊಳವೆಯಾಗಿವೆ, ಒಂದು ಮಾತ್ರ ಬಿಡಿಯಾಗಿ ಹಿಂದಕ್ಕೆ ಸರಿದಿದೆ. ಹಕ್ಕಿಯ ಕೊಕ್ಕಿಗೆ ಬಾಗಿಲು ತೆರೆಯುವುದು ಅದೇ. ಒಳಗೆ ಐದು ಕೇಸರ, ಆರನೆಯದು ಪರಾಗವಿಲ್ಲದ ಸಣ್ಣ ಪಟ್ಟಿ. ಬುಡದಲ್ಲಿ ಮೂರು ಕೋಣೆಯ ಅಂಡಾಶಯ, ಕೋಣೆಗೊಂದು ಅಂಡಕ. ಒಂದೊಂದು ಹೂವಿನ ಆಯಸ್ಸು ಒಂದೇ ದಿನ. ದೋಣಿಗಳು ವಾರಗಟ್ಟಲೆ ನಿಲ್ಲುವುದರಿಂದ ನಮಗೆ ಇದು ಬಾಳಿಕೆಯ ಹೂ ಎನಿಸುತ್ತದೆ.

ದೋಣಿಯಲ್ಲಿ ನೀರೇಕೆ? ವ್ಯಾಗ್ನೆರಿಯಾನಾ ಎಂಬ ಪ್ರಭೇದದಲ್ಲಿ ನೀರನ್ನು ಬಸಿದು ನೋಡಿದಾಗ ಹೂಮೊಗ್ಗುಗಳನ್ನು ಹುಳು ತಿನ್ನುವುದು ಹೆಚ್ಚಾಯಿತು. ಮೊಗ್ಗು ನೀರಿನಲ್ಲಿ ಮುಳುಗಿದ್ದರೆ ಹುಳುವಿಗೆ ಎಟುಕುವುದಿಲ್ಲ. ಆ ನೀರಿನಲ್ಲೇ ಬೇರೆ ಪುಟ್ಟ ಜೀವಿಗಳ ಸಂಸಾರ ನಡೆಯುತ್ತದೆ. ಇದನ್ನು ಕೇಳಿ ಸಂತೋಷಪಡುವುದರ ಜೊತೆಗೆ ಒಂದು ಎಚ್ಚರಿಕೆ: ನಿಂತ ನೀರು ಸೊಳ್ಳೆಗೂ ಬೇಕು. ಮನೆಯ ಬಾಗಿಲ ಬಳಿ, ಕಿಟಕಿಯ ಕೆಳಗೆ ನೆಡುವುದಾದರೆ ರೋಸ್ಟ್ರೇಟಾದಂತೆ ತಲೆಕೆಳಗಾಗಿ ಜೋಲುವ ಜಾತಿ ಹಾಕಿ, ಅದರಲ್ಲಿ ನೀರು ನಿಲ್ಲುವುದಿಲ್ಲ. ನೆಟ್ಟಗಿನ ಜಾತಿಯನ್ನು ತೋಟದ ಕಡೆಗೆ ಇಡಿ.

ಅಮೆರಿಕದಲ್ಲಿ ಈ ಕೊಳವೆಗೆ ಕೊಕ್ಕು ಹಾಕುವುದು ಹಮ್ಮಿಂಗ್‌ಬರ್ಡ್. ಡೊಮಿನಿಕಾ ಮತ್ತು ಸೇಂಟ್ ಲೂಸಿಯಾ ದ್ವೀಪಗಳ ಒಂದು ಸಂಗತಿಯನ್ನು ಹೇಳಲೇಬೇಕು. ಅಲ್ಲಿ ನೇರಳೆ ಕೊರಳಿನ ಒಂದು ಹಮ್ಮಿಂಗ್‌ಬರ್ಡ್ ಇದೆ. ಗಂಡಿನ ಕೊಕ್ಕು ಗಿಡ್ಡ, ಹೆಚ್ಚು ನೇರ. ಹೆಣ್ಣಿನದು ಉದ್ದ, ಹೆಚ್ಚು ಬಾಗು. ಗಂಡು ದೊಡ್ಡ ಮೈಯದಾದ್ದರಿಂದ ಹೆಚ್ಚು ಮಕರಂದವಿರುವ ಕೆರಿಬಿಯಾ ಪೊದೆಗಳನ್ನು ಹಿಡಿದುಕೊಂಡು ಕಾವಲು ಕಾಯುತ್ತದೆ. ಆ ಹೂವಿನ ಕೊಳವೆ ಗಿಡ್ಡ. ಹೆಣ್ಣು ಬಿಹಾಯ್‌ಗೆ ಹೋಗುತ್ತದೆ. ಅದರ ಕೊಳವೆ ಉದ್ದ, ಬಾಗು. ಕೊಕ್ಕಿಗೆ ತಕ್ಕ ಕೊಳವೆ, ಅದೂ ಒಂದೇ ಹಕ್ಕಿಯ ಗಂಡು–ಹೆಣ್ಣಿಗೆ ಬೇರೆ ಬೇರೆ. ಸಂಶೋಧಕರಾದ ಎಥನ್ ಟೆಮಲೀಸ್ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ಜಾನ್ ಕ್ರೆಸ್ ಇದನ್ನು 2003ರಲ್ಲಿ ಪ್ರಕಟಿಸಿದರು. ಕೋಸ್ಟರಿಕಾದ ಟಾರ್ಚುವೋಸಾ ಎಂಬ ಪ್ರಭೇದ ಇನ್ನೂ ಒಂದು ಹೆಜ್ಜೆ ಮುಂದೆ. ಉದ್ದ ಬಾಗುಕೊಕ್ಕಿನ ಹಕ್ಕಿ ಬಂದು ಮಕರಂದವನ್ನು ಪೂರ್ತಿ ಹೀರಿದರೆ ಮಾತ್ರ ಆ ಹೂ ಪರಾಗವನ್ನು ಸ್ವೀಕರಿಸುತ್ತದೆ. ಕೈಯಿಂದ ಪರಾಗ ಸವರಿದರೂ, ಬೇರೆ ಹಕ್ಕಿ ಅಥವಾ ಚಿಟ್ಟೆ ತಂದಿಟ್ಟರೂ ಪರಾಗನಾಳ ಸರಿಯಾಗಿ ಇಳಿಯುವುದಿಲ್ಲ. 2015ರಲ್ಲಿ ಪ್ರಕಟವಾದ ಕೆಲಸ ಅದು. ಪೆಸಿಫಿಕ್ ದ್ವೀಪಗಳಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಅಲ್ಲಿಯ ಹಸಿರು ದೋಣಿಯ ಹೆಲಿಕೋನಿಯಾಗಳಿಗೆ ಬಾವಲಿ ಮತ್ತು ಜೇನುಹೀರುವ ಬೇರೆ ಹಕ್ಕಿಗಳು ಬರುತ್ತವೆ.

ನಮ್ಮಲ್ಲಿ ಸೂರಕ್ಕಿಗಳು ಬಂದು ಕೂತು ಹೀರುವುದನ್ನು ನೀವೆಲ್ಲ ನೋಡಿದ್ದೀರಿ. ಹಾಗಿದ್ದೂ ನಮ್ಮ ತೋಟಗಳಲ್ಲಿ ಕಾಯಿ ಅಪರೂಪ. ಇದಕ್ಕೆ ಹಕ್ಕಿಯೊಂದೇ ಕಾರಣವಿರಲಾರದು. ಸುತ್ತಲಿನ ಎಲ್ಲ ಪೊದೆಗಳೂ ಒಂದೇ ಗೆಡ್ಡೆಯಿಂದ ಒಡೆದು ನೆಟ್ಟವಾಗಿದ್ದರೆ, ನೂರು ಬುಡವಿದ್ದರೂ ಅದು ಒಂದೇ ಗಿಡ. ಬೇರೆ ಗಿಡದ ಪರಾಗ ಎಲ್ಲಿಂದ ಬರಬೇಕು? ಮೋಸಹೋಗುತ್ತೇವೆ ಎಂದೆನಲ್ಲ, ಅದು ಇದೇ. ಇಡೀ ಹೋಬಳಿಯಲ್ಲಿ ಹೆಲಿಕೋನಿಯಾ ತುಂಬಿದಂತೆ ಕಾಣಬಹುದು, ಲೆಕ್ಕಕ್ಕೆ ಅದು ಎರಡೋ ಮೂರೋ ಗಿಡ.

ಕಾಯಿ ಕಟ್ಟಿದರೆ ಅಮೆರಿಕದ ಪ್ರಭೇದಗಳಲ್ಲಿ ಹಣ್ಣು ಗಾಢ ನೀಲಿ, ಪೆಸಿಫಿಕ್‌ನವುಗಳಲ್ಲಿ ಕೆಂಪು ಅಥವಾ ಕಿತ್ತಳೆ. ಒಳಗೆ ಕಲ್ಲಿನಂತೆ ಗಟ್ಟಿಯಾದ ಒಂದರಿಂದ ಮೂರು ಬೀಜ. ಹಣ್ಣಾದಾಗಲೂ ಭ್ರೂಣ ಪೂರ್ತಿ ಬಲಿತಿರುವುದಿಲ್ಲ. ತಿರುಳು ತೊಳೆದು ತಕ್ಷಣ ಬಿತ್ತಿದರೂ ಮೊಳಕೆಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಹಿಡಿಯಬಹುದು. ಬಿತ್ತಿದ ಟ್ರೇಯನ್ನು ಆರು ತಿಂಗಳಿಗೆ ಎಸೆಯಬೇಡಿ. ಗೊತ್ತಿರುವ ತಾಕಿನಲ್ಲಿ, ತೇವ ಆರದಂತೆ, ಹೆಸರು ಬರೆದು ಇಟ್ಟಿರಿ.

ಇಷ್ಟು ತಾಳ್ಮೆ ಯಾರಿಗಿದೆ? ಅದಕ್ಕೇ ಎಲ್ಲರೂ ಗೆಡ್ಡೆಯಿಂದ ನೆಡುತ್ತಾರೆ. ಸರಿಯಾದ ಕ್ರಮ ಹೇಳುತ್ತೇನೆ, ಈ ಕತ್ತಿ ಮತ್ತು ಗೆಡ್ಡೆ ಇಟ್ಟುಕೊಂಡು. ಹೂಬಿಟ್ಟು ಮುಗಿದ ಹಳೆಯ ದಿಂಡನ್ನು ಆರಿಸಬೇಡಿ. ಎರಡು ಮೂರು ಎಲೆ ಬಿಟ್ಟಿರುವ, ಇನ್ನೂ ಹೂ ಬಿಡದ ದಿಂಡು ಬೇಕು. ದಿಂಡನ್ನು ಗೆಡ್ಡೆಯಿಂದ 15ರಿಂದ 20 ಸೆಂಟಿಮೀಟರ್ ಉಳಿಸಿ ಕಡಿಯಿರಿ. ಗೆಡ್ಡೆಯಲ್ಲಿ ಕನಿಷ್ಠ ಒಂದು, ಸಾಧ್ಯವಾದರೆ ಎರಡು ಮೊಳಕೆ ಇರಲಿ. ಮಣ್ಣು ಪೂರ್ತಿ ತೊಳೆಯಿರಿ. ಬೇರನ್ನು ಬುಡದವರೆಗೂ ಕತ್ತರಿಸಿ. ಹಳೆಯ ಬೇರು ಮತ್ತೆ ಬೆಳೆಯುವುದಿಲ್ಲ, ಕೊಳೆಯುತ್ತದೆ, ಒಳಗಿನ ಜಂತುಹುಳುವನ್ನು, ಅಂದರೆ ಬೇರಿನೊಳಗೆ ಬದುಕುವ ಕಣ್ಣಿಗೆ ಕಾಣದ ನೆಮಟೋಡ್ ಹುಳುವನ್ನು, ಹೊತ್ತು ತರುತ್ತದೆ. ಕಪ್ಪಾದ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಹೆರೆಯಿರಿ. ಈಗ ನೋಡಿ: ಇಲ್ಲಿ ಹೆರೆದಾಗ ಬಿಳಿ ಬಂತು, ಇಲ್ಲಿ ಮಾತ್ರ ಕಂದು ಗೆರೆ ಒಳಗೊಳಗೇ ಓಡಿದೆ. ಇಂಥ ತುಂಡನ್ನು ನೆಡುವುದು ಬೇಡ, ಸುಟ್ಟುಬಿಡಿ. ಮುಂದಿನ ಗೆಡ್ಡೆಗೆ ಹೋಗುವ ಮೊದಲು ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಅಥವಾ ಬೆಂಕಿಗೆ ಹಿಡಿಯಿರಿ.

ಆಮೇಲೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರಿನಲ್ಲಿ 20ರಿಂದ 30 ನಿಮಿಷ ಅದ್ದಿ, ನೆರಳಿನಲ್ಲಿ ಒಂದು ದಿನ ಆರಿಸಿ. ಜಂತುಹುಳುವಿನ ಅನುಮಾನವಿದ್ದರೆ ಅದಕ್ಕೂ ಮೊದಲು, ಬಿತ್ತನೆ ಶುಂಠಿಗೆ ಮಾಡುವಂತೆ 50 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಇಡಬಹುದು. ಥರ್ಮಾಮೀಟರ್ ಇಲ್ಲದೆ ಮಾಡಬೇಡಿ, ಮತ್ತು ಹೊಸ ಜಾತಿಯಾದರೆ ಮೊದಲು ಒಂದೆರಡು ತುಂಡಿನ ಮೇಲೆ ನೋಡಿ. ನೇರ ತೋಟಕ್ಕೆ ಹಾಕುವ ಬದಲು ತೆಂಗಿನ ನಾರಿನ ಪುಡಿ, ಮರಳು ಸಮಭಾಗ ತುಂಬಿದ ಚೀಲದಲ್ಲಿ ನಾಲ್ಕರಿಂದ ಆರು ವಾರ ಬೇರು ಬಿಡಿಸಿದರೆ ಸಾಯುವ ಲೆಕ್ಕ ಬಹಳ ಇಳಿಯುತ್ತದೆ. ಮೊಳಕೆಯ ಮೇಲೆ 5ರಿಂದ 8 ಸೆಂಟಿಮೀಟರ್ ಮಣ್ಣು ಸಾಕು. ಆಳಕ್ಕೆ ಹೂತರೆ ಗಟ್ಟಿಯಾಗಿ ನಿಲ್ಲುತ್ತದೆಂದು ಕೆಲವರು ಮೊಣಕೈಯಾಳ ಹೂಳುತ್ತಾರೆ. ಮೊದಲ ಮಳೆಗಾಲದಲ್ಲೇ ಕೊಳೆಯುವುದು ಅವೇ. ದಿಂಡಿನ ಮೋಟು ಅಲ್ಲಾಡುತ್ತಿದ್ದರೆ ಗೂಟ ಕೊಟ್ಟು ಕಟ್ಟಿ, ಇನ್ನೂ ಆಳಕ್ಕೆ ಇಳಿಸಬೇಡಿ.

ಕಾಲದ ಮಾತು. ಮಲೆನಾಡು, ಕರಾವಳಿಯಲ್ಲಿ ಜುಲೈ ಜಡಿಮಳೆಗೆ ಸಿಕ್ಕ ಹೊಸ ಗೆಡ್ಡೆ ಉಳಿಯುವುದು ಕಷ್ಟ. ಮೇ ತಿಂಗಳ ಮಳೆಗೆ ನೆಟ್ಟು ಮಳೆಗಾಲದೊಳಗೆ ಬೇರು ಹಿಡಿಸಿ, ಇಲ್ಲವೇ ಸೆಪ್ಟೆಂಬರ್ ಕೊನೆಗೆ ನೆಡಿ. ಎರಡರಲ್ಲೂ ಬಸಿಗಾಲುವೆ ಮೊದಲು, ಗಿಡ ಆಮೇಲೆ. ಇದು ನೀರು ಬಯಸುವ ಗಿಡ ಹೌದು. ಆದರೆ ನೀರು ಹರಿಯಬೇಕು, ನಿಲ್ಲಬಾರದು.

ಅಂತರ ಗಿಡದ ಎತ್ತರದ ಮೇಲೆ. ಸಿಟ್ಟಾಕೋರಂ ಬಗೆಯ ಸಣ್ಣವಕ್ಕೆ 60ರಿಂದ 90 ಸೆಂಟಿಮೀಟರ್. ಸ್ಟ್ರಿಕ್ಟಾ, ರೋಸ್ಟ್ರೇಟಾದಂಥ ನಡುಗಾತ್ರದವಕ್ಕೆ ಒಂದೂವರೆ ಮೀಟರ್. ಕೆರಿಬಿಯಾ, ದೊಡ್ಡ ಬಿಹಾಯ್‌ಗಳಿಗೆ ಎರಡರಿಂದ ಎರಡೂವರೆ ಮೀಟರ್. ಮೊದಲ ವರ್ಷ ತೋಟ ಖಾಲಿ ಕಾಣುತ್ತದೆ, ನಡುವೆ ಇನ್ನೊಂದು ಸಾಲು ತುರುಕಲು ಕೈ ತುರಿಸುತ್ತದೆ. ಬೇಡ. ಗೆಡ್ಡೆ ನಡೆಯುವ ಗಿಡವಿದು, ಮೂರನೆಯ ವರ್ಷ ಒಳಗೆ ಕಾಲಿಡಲು ಜಾಗವಿರುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಎಲ್ಲ ಹೆಲಿಕೋನಿಯಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಿಟ್ಟಾಕೋರಂ ಮತ್ತು ಅದರ ಮಿಶ್ರತಳಿ ಗೋಲ್ಡನ್ ಟಾರ್ಚ್‌ಗೆ ತೆರೆದ ಬಿಸಿಲು ಬೇಕು. ನೆರಳಲ್ಲಿ ಎಲೆ ಸೊಂಪಾಗುತ್ತದೆ, ಹೂ ಇಳಿಯುತ್ತದೆ. ರೋಸ್ಟ್ರೇಟಾ, ಸ್ಟ್ರಿಕ್ಟಾ, ಬಿಹಾಯ್‌ಗಳಿಗೆ ನೂರಕ್ಕೆ 30ರಿಂದ 40 ಭಾಗ ನೆರಳು ಒಪ್ಪುತ್ತದೆ. 25 ಅಡಿ ಅಂತರದ ಹಳೆಯ ತೆಂಗಿನ ತೋಟದ ನಡುವೆ ಇವು ಚೆನ್ನಾಗಿ ಬರುತ್ತವೆ; ತೆಂಗಿನ ಬುಡದಿಂದ ಎರಡು ಮೀಟರ್ ಬಿಟ್ಟು ಹಾಕಿ. ಒಂಬತ್ತು ಅಡಿಯ ಅಡಿಕೆ ತೋಟದ ಒಳಗೆ ಬೆಳಕು ಸಾಲದು, ಅಂಚುಗಳಿಗೆ ಸರಿ. ಗಾಳಿಗೆ ಎಲೆ ಸೀಳುತ್ತದೆ, ಅದರಿಂದ ಗಿಡ ಸಾಯುವುದಿಲ್ಲ. ಚಳಿ ಮಾತ್ರ ಕೆಟ್ಟದ್ದು: 15 ಡಿಗ್ರಿಗಿಂತ ಇಳಿದರೆ ಬೆಳವಣಿಗೆ ನಿಲ್ಲುತ್ತ ಬರುತ್ತದೆ, 10ಕ್ಕಿಂತ ಕೆಳಗೆ ಎಲೆ ಸುಟ್ಟಂತಾಗುತ್ತದೆ.

ಗೊಬ್ಬರಕ್ಕೆ ಬರೋಣ. ಹಸಿದ ಗಿಡವಿದು, ಬಾಳೆಯಂತೆಯೇ ಪೊಟ್ಯಾಷ್ ಪ್ರಿಯ. ಸಾರಜನಕ, ರಂಜಕ, ಪೊಟ್ಯಾಷ್ 3:1:5ರ ಪ್ರಮಾಣದಲ್ಲಿ ಸಿಗಬೇಕು. ನಿಮ್ಮ ಕೈಗೆ ಸಿಗುವ ಚೀಲದ ಲೆಕ್ಕಕ್ಕೆ ಇಳಿಸಿದರೆ 20 ಗ್ರಾಂ ಯೂರಿಯಾ, 20 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 25 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಚೆನ್ನಾಗಿ ಹಬ್ಬಿದ ನಡುಗಾತ್ರದ ಒಂದು ಬುಡಕ್ಕೆ ತಿಂಗಳಿಗೊಮ್ಮೆ ಇಷ್ಟು. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಬಿಟ್ಟುಬಿಡಿ, ಮಳೆಗೆ ತೊಳೆದು ಹೋಗುತ್ತದೆ. ಗೊಬ್ಬರಗಳನ್ನು ಬೆರೆಸಿ ಇಟ್ಟುಕೊಳ್ಳಬೇಡಿ, ನೀರೊಡೆದು ಗಟ್ಟಿಯಾಗುತ್ತದೆ. ವರ್ಷಕ್ಕೆರಡು ಸಲ ಐದಾರು ಕಿಲೊ ಕೊಟ್ಟಿಗೆ ಗೊಬ್ಬರ, ಮೇಲೆ ಅಡಿಕೆ ಸೋಗೆಯೋ ದರಗೋ ದಪ್ಪಗೆ. ಮುಚ್ಚಿಗೆ ದಿಂಡಿಗೆ ಒತ್ತಿಕೊಂಡಿರಬಾರದು, ನಾಲ್ಕು ಬೆರಳು ಬಿಡಿ. ಗೊಬ್ಬರವನ್ನು ಬುಡದ ನಡುವಿಗೆ ಸುರಿಯುವುದು ದಂಡ. ಬೆಳೆಯುವ ಬೇರು ಪೊದೆಯ ಹೊರ ಅಂಚಿನಲ್ಲಿದೆ, ಅಲ್ಲಿ ಉಂಗುರವಾಗಿ ಹಾಕಿ.

ಬೆಂಗಳೂರಿನ ಕಡೆಯವರು ಕೇಳುವ ಪ್ರಶ್ನೆ: ಎಳೆ ಎಲೆ ಹಳದಿ, ನರ ಮಾತ್ರ ಹಸಿರು, ಏಕೆ? ಅದು ಕಬ್ಬಿಣದ ಕೊರತೆ. ಈ ಗಿಡಕ್ಕೆ 5ರಿಂದ 6.5ರ ರಸಸಾರದ (pH) ಹುಳಿ ಮಣ್ಣು ಬೇಕು. ಗಡಸು ಬೋರ್‌ವೆಲ್ ನೀರು ಬಿದ್ದಂತೆ ಮಣ್ಣು ಕ್ಷಾರವಾಗುತ್ತ ಹೋಗಿ, ಕಬ್ಬಿಣ ಮಣ್ಣಲ್ಲೇ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಯೂರಿಯಾ ಹೆಚ್ಚಿಸಿದರೆ ಇದು ಸರಿಯಾಗದು. ಕೀಲೇಟ್ ರೂಪದ, ಅಂದರೆ ಬೇರಿಗೆ ದಕ್ಕುವಂತೆ ಮಾಡಿದ ಕಬ್ಬಿಣ ಕೊಡಿ, ಕೊಳೆತ ಎಲೆಗೊಬ್ಬರ ಹೆಚ್ಚಿಸಿ, ಸಾಧ್ಯವಾದಷ್ಟು ಮಳೆನೀರು ಹಿಡಿದು ಹಾಕಿ. ಹಳೆಯ ಎಲೆಯ ಅಂಚು ಹಳದಿಯಾಗುತ್ತಿದ್ದರೆ ಅದು ಬೇರೆ ಕಥೆ, ಮೆಗ್ನೀಸಿಯಮ್ ಅಥವಾ ಪೊಟ್ಯಾಷ್ ಕಡೆ ನೋಡಬೇಕು.

ಹೂ ಯಾವಾಗ? ಸಿಟ್ಟಾಕೋರಂ ವರ್ಷವಿಡೀ ಬಿಡುತ್ತದೆ, ಮೊಳಕೆ ಹೊರಬಂದ ಮೂರು ನಾಲ್ಕು ತಿಂಗಳಿಗೆ ಹೂ. ದೊಡ್ಡ ಜಾತಿಗಳಿಗೆ ಏಳರಿಂದ ಹನ್ನೆರಡು ತಿಂಗಳು. ಕೆಲವಕ್ಕೆ ಹಗಲಿನ ಉದ್ದದ ಲೆಕ್ಕವಿದೆ: ಸ್ಟ್ರಿಕ್ಟಾದ ಡ್ವಾರ್ಫ್ ಜಮೈಕನ್, ವ್ಯಾಗ್ನೆರಿಯಾನಾ ಹಗಲು ಗಿಡ್ಡವಾದಾಗ ಒಳಗೆ ಹೂ ಕಟ್ಟುತ್ತವೆ, ಅಂಗುಸ್ಟಾಗೆ ಉದ್ದ ಹಗಲು ಬೇಕು. ದೊಡ್ಡ ಜಾತಿ ನೆಟ್ಟು ವರ್ಷವಾಯಿತು, ಹೂ ಇಲ್ಲ ಎಂದು ಕಿತ್ತು ಹಾಕಿದವರಿದ್ದಾರೆ. ಸ್ವಲ್ಪ ತಡೆಯಿರಿ.

ಕೊಯ್ಲಿನಲ್ಲಿ ನೆನಪಿಡಬೇಕಾದದ್ದು: ಗುಲಾಬಿ ಮೊಗ್ಗಿನಂತೆ ಇದು ನೀರಿನ ಬಕೆಟ್ಟಿನಲ್ಲಿ ಅರಳುವುದಿಲ್ಲ. ಕೊಯ್ದಾಗ ಎಷ್ಟು ದೋಣಿ ತೆರೆದಿತ್ತೋ ಅಷ್ಟೇ. ಸಿಟ್ಟಾಕೋರಂನಲ್ಲಿ ಎರಡು ಮೂರು, ದೊಡ್ಡವುಗಳಲ್ಲಿ ಮೂರನೇ ಎರಡು ಭಾಗ ತೆರೆದ ಮೇಲೆ ಕೊಯ್ಯಿರಿ. ಬೆಳಗಿನ ಹೊತ್ತು, ನೆಲಮಟ್ಟಕ್ಕೆ ಕತ್ತರಿಸಿ ತಕ್ಷಣ ನೀರಿಗೆ. ದೋಣಿಗಳ ನೀರು ಚೆಲ್ಲಿ, ಒಳಗಿನ ಒಣಗಿದ ಹೂಗಳನ್ನು ತೆಗೆದು ತೊಳೆಯಿರಿ; ಕೊಳೆತ ವಾಸನೆ ಬರುವುದು ಅವುಗಳಿಂದ. ಇರುವೆ, ಹಿಟ್ಟುತಿಗಣೆ ಅಡಗುವುದೂ ಅಲ್ಲೇ. ಹೂವನ್ನು ಫ್ರಿಜ್ಜಿಗೆ ಹಾಕಲೇಬೇಡಿ. 12–13 ಡಿಗ್ರಿಗಿಂತ ಕೆಳಗೆ ಕೆಂಪು ದೋಣಿ ಕಪ್ಪಾಗುತ್ತದೆ, ಹಾಗಾದ ಮೇಲೆ ಮತ್ತೆ ಬಣ್ಣ ಬರುವುದಿಲ್ಲ. ಒದ್ದೆ ಕಾಗದ ಸುತ್ತಿ, ದೋಣಿಗೆ ದೋಣಿ ಉಜ್ಜದಂತೆ ಪೆಟ್ಟಿಗೆಯಲ್ಲಿ ಮಲಗಿಸಿ. ಕತ್ತರಿಸಿದ ದಂಟು ನೀರು ಎಳೆಯುವುದು ಬಹಳ ಕಡಿಮೆ. ಆದ್ದರಿಂದ ಎರಡು ದಿನಕ್ಕೊಮ್ಮೆ ಬುಡವನ್ನು ಎರಡು ಮೂರು ಸೆಂಟಿಮೀಟರ್ ಹೊಸದಾಗಿ ಕತ್ತರಿಸಿ, ಮೇಲಿಂದ ನೀರು ಚಿಮುಕಿಸಿ. ಮಂಟಪದವರು ಹಿಂದಿನ ರಾತ್ರಿಯೇ ಒಯ್ದರೂ ಈ ಹೂ ಬಾಡುವುದಿಲ್ಲ, ಅದಕ್ಕೇ ಅದಕ್ಕೆ ಬೇಡಿಕೆ.

ಹೂ ಕೊಯ್ದ ದಿಂಡಿನ ಮೋಟು ನಿಲ್ಲಿಸಿಕೊಳ್ಳಬೇಡಿ. ಮೂರು ನಾಲ್ಕು ವರ್ಷಕ್ಕೆ ಪೊದೆಯ ನಡು ಬರಿದಾಗಿ, ಹೊರಗೆ ಉಂಗುರದಂತೆ ದಿಂಡುಗಳು ನಿಲ್ಲುತ್ತವೆ. ಗೆಡ್ಡೆ ಹೊರಕ್ಕೆ ನಡೆದಿದೆ ಎಂದರ್ಥ. ಆಗ ಒಡೆದು ನೆಡುವ ಸಮಯ.

ರೋಗದ ವಿಷಯದಲ್ಲಿ ನನಗೆ ಒಂದು ಆತಂಕವಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲೆಚುಕ್ಕೆ, ಹಿಟ್ಟುತಿಗಣೆ, ಶಂಖದ ಹುಳು ಇವು ಕಣ್ಣಿಗೆ ಕಾಣುತ್ತವೆ, ನಿಭಾಯಿಸಬಹುದು. ಕಾಣದವು ಎರಡು. ಒಂದು, ಬೇರು ಕೊರೆಯುವ ಜಂತುಹುಳು, ರಾಡೊಫೋಲಸ್ ಸಿಮಿಲಿಸ್. ಅದಕ್ಕೆ ಹೆಲಿಕೋನಿಯಾ ಒಂದು ಆಸರೆ. ಬಾಳೆ, ಅಡಿಕೆ, ತೆಂಗು, ಕಾಳುಮೆಣಸು ಇವೂ ಅದರ ಆಹಾರವೇ. ಮೆಣಸಿನ ಬಳ್ಳಿ ನಿಧಾನವಾಗಿ ಹಳದಿಯಾಗಿ ಸೊರಗುವ ರೋಗದಲ್ಲಿ ಅದರ ಪಾಲು ದೊಡ್ಡದು. ಇನ್ನೊಂದು, ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಮಧ್ಯ ಅಮೆರಿಕದ ಬಾಳೆ ತೋಟಗಳನ್ನು ಕಾಡಿದ ಮೋಕೋ ರೋಗ ಅದರದ್ದೇ ಒಂದು ಬಗೆ. ಅಲ್ಲಿ ಹೆಲಿಕೋನಿಯಾಗೂ ಅದು ತಗುಲುತ್ತದೆ. ನಮ್ಮ ಶುಂಠಿಯ ಹಸಿರು ಕೊಳೆಗೆ ಕಾರಣವೂ ಇದೇ ಬಳಗದ ಬ್ಯಾಕ್ಟೀರಿಯಾ. ಹೀಗಿರುವಾಗ ಎಲ್ಲಿಂದಲೋ ತಂದ ಮಣ್ಣುಮೆತ್ತಿದ ಗೆಡ್ಡೆಯನ್ನು ನೇರ ಮೆಣಸಿನ ಬುಡಕ್ಕೆ, ಬಾಳೆಯ ಸಾಲಿಗೆ ನೆಟ್ಟರೆ ಏನಾಗಬಹುದು, ಯೋಚಿಸಿ. ಹೂವಿನಿಂದ ಬರುವ ಹಣ ಚಿಕ್ಕದು, ಕಳೆಯುವ ತೋಟ ದೊಡ್ಡದು. ಹೊಸ ಗೆಡ್ಡೆಯನ್ನು ಆರು ತಿಂಗಳು ಬೇರೆಯೇ ಜಾಗದಲ್ಲಿ, ಕುಂಡದಲ್ಲಿ ಇಟ್ಟು ನೋಡಿ. ಹೊಸ ಬೇರು ಕಿತ್ತು ಉದ್ದಕ್ಕೆ ಸೀಳಿದರೆ ಕೆಂಪು–ಕಂದು ಗಾಯ ಕಾಣುವುದು ಜಂತುಹುಳುವಿನ ಗುರುತು. ಶುಂಠಿ ಕೊಳೆತ ಗದ್ದೆಯಲ್ಲಿ ಹೆಲಿಕೋನಿಯಾ ಬೇಡವೇ ಬೇಡ.

ಪ್ರವಾಸ ಹೋದವರು, ವಿದೇಶದಲ್ಲಿರುವ ಮಕ್ಕಳು ಪೆಟ್ಟಿಗೆಯಲ್ಲಿ ಒಂದು ತುಂಡು ತರುವುದು ಈಚೆಗೆ ಹೆಚ್ಚಾಗಿದೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಗೆಡ್ಡೆ ತರಲು ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಕಾನೂನಿನ ಭಯಕ್ಕಿಂತ, ಈಗ ಹೇಳಿದ ಎರಡು ಕಾಣದ ಶತ್ರುಗಳನ್ನು ನೆನೆದಾದರೂ ಅವರಿಗೆ ಬೇಡ ಎನ್ನಿ.

ಈಗ ಸಂರಕ್ಷಣೆ. ಇಷ್ಟು ಸುಲಭವಾಗಿ ಹಬ್ಬುವ ಗಿಡಕ್ಕೆ ಸಂರಕ್ಷಣೆ ಏಕೆ ಎಂದು ಕೇಳುತ್ತೀರಿ. 2023ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಕಾಡಿನಲ್ಲಿರುವ ಹೆಲಿಕೋನಿಯಾ ಪ್ರಭೇದಗಳಲ್ಲಿ ಹತ್ತಿರ ಹತ್ತಿರ ಅರ್ಧ ಅಪಾಯದಲ್ಲಿವೆ. ರಸ್ತೆಬದಿಯಲ್ಲಿ, ಕಡಿದ ಕಾಡಿನ ಅಂಚಿನಲ್ಲಿ ಸೊಕ್ಕುವ ಲ್ಯಾಟಿಸ್ಪಾಥಾದಂಥವು ಕೆಲವು. ಕೊಲಂಬಿಯಾ, ಈಕ್ವೆಡಾರ್‌ಗಳ ಆಂಡಿಸ್ ಇಳಿಜಾರಿನಲ್ಲಿ ಒಂದೊಂದು ಕಣಿವೆಗೆ ಸೀಮಿತವಾದವು ಬಹಳ. ಆ ಕಣಿವೆಯ ಕಾಡು ಹೋದರೆ ಅದೂ ಹೋಯಿತು. ರೆಡ್ ಕ್ರಿಸ್ಮಸ್ ಎಂಬ ಹೆಸರಲ್ಲಿ ನರ್ಸರಿಗಳಲ್ಲಿ ಸಿಗುವ ಅಂಗುಸ್ಟಾ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನದು, ಅಲ್ಲಿ ಅದಕ್ಕೆ ಉಳಿದಿರುವ ನೆಲೆ ಅಷ್ಟಿಷ್ಟೇ.

ಬ್ರೆಜಿಲ್‌ನ ಮನೌಸ್ ನಗರದ ಉತ್ತರಕ್ಕೆ ಅಮೆಜಾನ್ ಕಾಡಿನ ತುಂಡುಗಳಲ್ಲಿ ಅಕ್ಯುಮಿನಾಟಾ ಎಂಬ ಚಿಕ್ಕ ಹೆಲಿಕೋನಿಯಾದ ಮೇಲೆ ಪರಿಸರ ವಿಜ್ಞಾನಿ ಎಮಿಲಿಯೊ ಬ್ರೂನಾ ದೀರ್ಘಕಾಲ ಕೆಲಸ ಮಾಡಿದ್ದಾರೆ. ಅವರು 1999ರಲ್ಲಿ ತೋರಿಸಿದ್ದು ಇಷ್ಟು: ಅದೇ ಬೀಜವನ್ನು ಅಖಂಡ ಕಾಡಿನಲ್ಲೂ ತುಂಡುಕಾಡಿನಲ್ಲೂ ಬಿತ್ತಿದರೆ ತುಂಡುಕಾಡಿನಲ್ಲಿ ಮೊಳೆಯುವುದು ಹಲವು ಪಟ್ಟು ಕಡಿಮೆ. ಅಂಚಿನಿಂದ ಬಿಸಿಲು, ಒಣಗಾಳಿ ಒಳನುಗ್ಗಿ ನೆಲ ಒಣಗುತ್ತದೆ. ಕೋಸ್ಟರಿಕಾದ ಟಾರ್ಚುವೋಸಾದಲ್ಲಿ ತೊಂದರೆ ಇನ್ನೂ ಮೊದಲೇ ಶುರುವಾಗುತ್ತದೆ. ಉದ್ದಕೊಕ್ಕಿನ ಹಕ್ಕಿ ಬಯಲು ದಾಟಲು ಹಿಂಜರಿಯುತ್ತದೆ, ಸಣ್ಣ ಕಾಡುತುಂಡಿಗೆ ಅದು ಬಾರದಿದ್ದರೆ ಬೀಜವೇ ಕಟ್ಟುವುದಿಲ್ಲ. ಈ ಹೊತ್ತಿನಲ್ಲಿ ಗೆಡ್ಡೆ ಏನು ಮಾಡುತ್ತಿರುತ್ತದೆ? ಹಳೆಯ ಪೊದೆಯನ್ನು ವರ್ಷದಿಂದ ವರ್ಷಕ್ಕೆ ಹಸಿರಾಗಿಯೇ ಇಟ್ಟಿರುತ್ತದೆ. ದಾರಿಹೋಕರಿಗೆ ಕಾಡು ತುಂಬಿದಂತೆ ಕಾಣುತ್ತದೆ, ಹೊಸ ಸಸಿ ಮಾತ್ರ ಒಂದೂ ಇಲ್ಲ. ನಮ್ಮ ತೋಟದಲ್ಲಿ ಆದ ಮೋಸವೇ ಅಲ್ಲಿ ಕಾಡಿನ ಮಟ್ಟದಲ್ಲಿ ಆಗುತ್ತಿದೆ. ಪೊದೆ ಎಣಿಸಿದರೆ ಗೊತ್ತಾಗದು, ಎಳೆಸಸಿ ಎಣಿಸಬೇಕು.

ಗಿಡ ಹೋದರೆ ಅದೊಂದೇ ಹೋಗುವುದಿಲ್ಲ. ಸುರುಳಿ ಬಿಚ್ಚದ ಎಳೆಯ ಎಲೆಯೊಳಗೆ ಒಂದು ಪುಟ್ಟ ಬಾವಲಿ ಹೆಬ್ಬೆರಳಿನ ಬುಡದ ಹೀರುಬಿಲ್ಲೆಗಳಿಂದ ಅಂಟಿಕೊಂಡು ಹಗಲು ಕಳೆಯುತ್ತದೆ. ಎಲೆ ಬಿಚ್ಚಿಕೊಂಡ ಮರುದಿನ ಅದು ಇನ್ನೊಂದು ಸುರುಳಿ ಹುಡುಕಬೇಕು. ಇನ್ನೊಂದು ಜಾತಿಯ ಹತ್ತಿಯಂತೆ ಬೆಳ್ಳಗಿನ ಬಾವಲಿ ಬಲಿತ ಎಲೆಯ ನಡುನರದ ಎರಡೂ ಬದಿ ಕಚ್ಚಿ, ಎಲೆ ಗುಡಾರದಂತೆ ಮಡಿಚಿಕೊಂಡಾಗ ಅದರಡಿ ಗುಂಪಾಗಿ ನೇತಾಡುತ್ತದೆ.

ಇಲ್ಲಿ ಕೂತಿರುವ ನಾವು ಆಂಡಿಸ್ ಕಣಿವೆ ಉಳಿಸಲಾರೆವು. ನಮ್ಮಿಂದಾಗುವ ಎರಡು ಕೆಲಸಗಳಿವೆ. ಮೊದಲನೆಯದು ಇಲ್ಲಿಯ ಕಾಡಿನ ಕೆಲಸ. ಒಡೆದುಳಿದ ಗೆಡ್ಡೆಯನ್ನು ಹಳ್ಳಕ್ಕೆ, ಕಾಡಿನಂಚಿಗೆ ಎಸೆಯಬೇಡಿ. ಹೆಲಿಕೋನಿಯಾ ಈ ನೆಲದ್ದಲ್ಲ ಎಂದು ಆಗ ಹೇಳಿದೆ. ಹಳ್ಳದ ತೇವದಲ್ಲಿ ಒಂದು ತುಂಡು ಬದುಕಿಕೊಂಡರೆ ಕಾಡು ಅರಿಸಿನ, ಸುಗಂಧಿಗಳ ಜಾಗ ಹಿಡಿಯುತ್ತದೆ. ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಸುಡಿ.

ಎರಡನೆಯದು ಹೆಸರಿನ ಕೆಲಸ. ಅಪಾಯದಲ್ಲಿರುವ ಪ್ರಭೇದಗಳು ಎಷ್ಟೋ ಸಲ ಸಸ್ಯೋದ್ಯಾನಗಳಿಗಿಂತ ಹವ್ಯಾಸಿಗಳ ತೋಟಗಳಲ್ಲೇ ಇರುತ್ತವೆ. 1985ರಲ್ಲಿ ಶುರುವಾದ ಅಂತರರಾಷ್ಟ್ರೀಯ ಹೆಲಿಕೋನಿಯಾ ಸೊಸೈಟಿ ಕಟ್ಟಿದ್ದೂ ಇಂಥವರೇ. ಆದರೆ ಎಲ್ಲಿಯದು, ಯಾರಿಂದ ಬಂತು, ಯಾವ ಪ್ರಭೇದ ಎಂಬುದು ಕಳೆದುಹೋದ ಗಿಡ ಅಂಗಳಕ್ಕೆ ಅಲಂಕಾರವಾದೀತು, ಸಂರಕ್ಷಣೆಗೆ ಲೆಕ್ಕಕ್ಕಿಲ್ಲ. ನರ್ಸರಿಗಳಲ್ಲಿ ರೋಸ್ಟ್ರೇಟಾ, ಬಿಹಾಯ್ ಎರಡನ್ನೂ ಒಂದೇ ಹೆಸರಲ್ಲಿ ಮಾರುವುದುಂಟು; ಆಫ್ರಿಕಾದ ಬರ್ಡ್ ಆಫ್ ಪ್ಯಾರಡೈಸ್ ಹೆಸರಿನಲ್ಲಿ ಸಿಟ್ಟಾಕೋರಂ ಕೊಡುವುದೂ ಉಂಟು. ಹೂ ಬಿಟ್ಟ ಮೇಲೆ ನೀವೇ ಪರೀಕ್ಷಿಸಿ: ನೆಟ್ಟಗೋ ಜೋಲೋ, ದೋಣಿಗಳು ಒಂದೇ ಸಮತಲದಲ್ಲೋ ಸುರುಳಿಯಾಗೋ, ಮೇಲೆ ರೋಮವಿದೆಯೋ ನುಣುಪೋ, ಹೂವಿನ ಕೊಳವೆಯ ಬಣ್ಣವೇನು. ಒಂದು ದೋಣಿ ಸೀಳಿ ಒಳಗಿನ ಹೂವಿನ ಫೋಟೊ ತೆಗೆದಿಡಿ. ಗುರುತಿಸುವವರಿಗೆ ಹೊರಗಿನ ಚೆಂದಕ್ಕಿಂತ ಅದು ಹೆಚ್ಚು ಉಪಯೋಗ. ಅಪರೂಪದ ಜಾತಿ ಸಿಕ್ಕಿದರೆ ಎರಡು ಬೇರೆ ಊರಿನ ತೋಟಗಳಲ್ಲಿ ಇರುವಂತೆ ನೋಡಿಕೊಳ್ಳಿ, ಮತ್ತು ಬೇರೆ ಮೂಲದಿಂದ ಬಂದ ಅದೇ ಜಾತಿಯ ಗೆಡ್ಡೆ ಸಿಕ್ಕಿದರೆ ಬೇಡವೆನ್ನಬೇಡಿ. ಅದು ನಿಜಕ್ಕೂ ಎರಡನೆಯ ಗಿಡ.

ಚೀಟಿಯನ್ನು ದಿಂಡಿಗೆ ಕಟ್ಟುವವರೇ ಹೆಚ್ಚು. ಹೂ ಮುಗಿದು ದಿಂಡು ಕಡಿದ ದಿನ ಆ ಚೀಟಿಯೂ ಗೊಬ್ಬರದ ಗುಂಡಿಗೆ ಹೋಗುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಮಾರ್ಕರ್ ಬರಹ ಎರಡನೆಯ ಮಳೆಗಾಲಕ್ಕೆ ಅಳಿಸುತ್ತದೆ. ತೆಳು ಅಲ್ಯೂಮಿನಿಯಂ ತಗಡಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಹೆಸರು, ತಂದ ಜಾಗ, ತಿಂಗಳು, ವರ್ಷ ಕೊರೆಯಿರಿ. ಶಾಯಿ ಹೋದರೂ ಗೆರೆ ಉಳಿಯುತ್ತದೆ. ಅದನ್ನು ಪೊದೆಯ ಪಕ್ಕ ಕಲ್ಲುಗೂಟಕ್ಕೆ ತಂತಿಯಲ್ಲಿ ಕಟ್ಟಿ. ಗೆಡ್ಡೆ ವರ್ಷವರ್ಷವೂ ಸರಿಯುವುದರಿಂದ ತೋಟದ ಒಂದು ನಕ್ಷೆಯನ್ನೂ ಪುಸ್ತಕದಲ್ಲಿ ಬರೆದಿಡಿ. ಪೊದೆ ಒಡೆದು ಪಕ್ಕದ ಮನೆಯವರಿಗೆ ಒಂದು ತುಂಡು ಕೊಡುವಾಗ ಅದೇ ನಾಲ್ಕು ಸಾಲನ್ನು ಇನ್ನೊಂದು ತಗಡಿನ ಮೇಲೆ ಕೊರೆದು ಜೊತೆಗೆ ಕೊಡಿ.